ರೋಗಾಣುವಿನ ಜೀನೋಮ್ ಓದಿದರೆ ರೋಗಿಗೆ ಏನು ಸಿಗುತ್ತದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಎಂಎಸ್ಸಿ ಕೊನೆ ವರ್ಷದಲ್ಲಿದ್ದೇನೆ. ಸೆಮಿನಾರ್‌ಗೆ ಎಬೋಲಾ ಮತ್ತು ಜೀನೋಮಿಕ್ಸ್ ವಿಷಯ ತೆಗೆದುಕೊಂಡಿದ್ದೇನೆ. ಓದುತ್ತಾ ಹೋದ ಹಾಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ.

2014ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಕೆನೆಮಾ ಸರ್ಕಾರಿ ಆಸ್ಪತ್ರೆಗೆ ಎಬೋಲಾ ಬಂತು. ಅಲ್ಲಿನ 78 ರೋಗಿಗಳ ರಕ್ತದಿಂದ 99 ವೈರಸ್ ಜೀನೋಮ್, ಅಂದರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ, ಓದಿದರು. ಓದಿದ್ದು ಕೆನೆಮಾದಲ್ಲಲ್ಲ, ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್‌ನಲ್ಲಿ. ಆಗಸ್ಟ್ ಕೊನೆಗೆ ಲೇಖನ ಪ್ರಕಟವಾಯಿತು. ಅಷ್ಟರೊಳಗೆ ಅದರ ಲೇಖಕರಲ್ಲಿ ಐದು ಜನ ಎಬೋಲಾದಿಂದಲೇ ತೀರಿಕೊಂಡಿದ್ದರು. ಆಸ್ಪತ್ರೆಯ ಜ್ವರ ವಿಭಾಗ ನೋಡಿಕೊಳ್ಳುತ್ತಿದ್ದ ಡಾ. ಶೇಖ್ ಹುಮಾರ್ ಖಾನ್ ಅದರಲ್ಲಿ ಒಬ್ಬರು. ಹಿರಿಯ ನರ್ಸ್ ಎಂಬಾಲು ಫೋನಿ ಇನ್ನೊಬ್ಬರು.

ಆ ಪಟ್ಟಿ ಓದಿದ ಮೇಲೆ ಮನಸ್ಸಿಗೆ ಸಮಾಧಾನವೇ ಇಲ್ಲ. ಕೈಗವಸಿಗೂ ಪರದಾಡುತ್ತಿದ್ದ ಜಾಗ ಅದು. ಅಲ್ಲಿಂದ ರಕ್ತ ವಿಮಾನ ಹತ್ತಿ ಹೋಯಿತು. ವಾಪಸ್ ಬಂದದ್ದೇನು? ಹಾಸಿಗೆ ಮೇಲಿದ್ದವರಿಗೆ ಈ 99 ಜೀನೋಮ್‌ನಿಂದ ಏನಾದರೂ ಆಯಿತಾ? ಕೆಲಸ ಮಾಡುವವರು ದಯವಿಟ್ಟು ಬಿಡಿಸಿ ಹೇಳಿ.

ಲ್ಯಾಬ್‌ಕಿಟಕಿ

ಈ ಪ್ರಶ್ನೆ ಕೇಳಲೇಬೇಕಿತ್ತು. ನಾನು ಬೆಂಗಳೂರಿನ ಒಂದು ಸೀಕ್ವೆನ್ಸಿಂಗ್ (ಜೀನೋಮ್ ಓದುವ) ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಎಬೋಲಾ ವೈರಸ್ಸಿನ ಜೀನೋಮ್ ಅಂದರೆ ಸುಮಾರು 19,000 ಅಕ್ಷರಗಳ ಒಂದು ಸಾಲು. ವೈರಸ್ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಕ್ಲಾಸಿನಲ್ಲಿ ಒಬ್ಬರ ನೋಟ್ಸ್ ನೋಡಿ ಇನ್ನೊಬ್ಬರು ಬರೆದುಕೊಂಡಾಗ, ಮೊದಲಿನವರ ತಪ್ಪು ನಂತರದವರೆಲ್ಲರ ಪುಸ್ತಕದಲ್ಲೂ ಬರುತ್ತದಲ್ವಾ, ಹಾಗೆ. ಯಾರ ಯಾರ ವೈರಸ್ಸಿನಲ್ಲಿ ಒಂದೇ ತಪ್ಪು ಇದೆ ಅಂತ ಹೋಲಿಸಿದರೆ ಯಾವ ಸರಪಳಿ ಯಾವುದರಿಂದ ಒಡೆಯಿತು ಅನ್ನುವುದು ಕಾಣುತ್ತದೆ.

ಕೆನೆಮಾದ ಜೀನೋಮ್‌ಗಳು ಉತ್ತರ ಕೊಟ್ಟ ಪ್ರಶ್ನೆ ಬಹಳ ದೊಡ್ಡದು. ಈ ವೈರಸ್ ಕಾಡುಪ್ರಾಣಿಗಳಿಂದ ಮತ್ತೆ ಮತ್ತೆ ಮನುಷ್ಯರಿಗೆ ಬರುತ್ತಿದೆಯಾ? ಅಥವಾ ಒಂದೇ ಸಲ ಬಂದು, ಆಮೇಲೆ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆಯಾ? ಆಗ ಹಳ್ಳಿಗಳಲ್ಲಿ ಮಾಡುತ್ತಿದ್ದ ಪ್ರಚಾರದಲ್ಲಿ ಜಾಸ್ತಿ ಜಾಗ ಸಿಕ್ಕಿದ್ದು ಕಾಡುಪ್ರಾಣಿಯ ಮಾಂಸ ತಿನ್ನಬೇಡಿ ಅನ್ನುವುದಕ್ಕೆ. ಜೀನೋಮ್‌ಗಳು ಹೇಳಿದ್ದು ಬೇರೆ. ಪ್ರಾಣಿಯಿಂದ ಜಿಗಿತ ಒಂದೇ ಸಲ. ಅಲ್ಲಿಂದ ಮುಂದೆಲ್ಲ ಮನುಷ್ಯರ ನಡುವೆ. ಸಿಯೆರಾ ಲಿಯೋನ್‌ಗೆ ಎರಡು ಕವಲು ಒಟ್ಟಿಗೆ ಬಂದಿದ್ದವು. ಮೊದಮೊದಲ ರೋಗಿಗಳಲ್ಲಿ ಹೆಚ್ಚಿನವರು ಒಂದೇ ಶವಸಂಸ್ಕಾರಕ್ಕೆ ಹೋಗಿದ್ದವರು. ಪಕ್ಕದ ಗಿನಿ ದೇಶದಿಂದ ಬಂದ ಎಬೋಲಾ ರೋಗಿಗಳಿಗೆ ಔಷಧ ಕೊಡುತ್ತಿದ್ದ ನಾಟಿ ವೈದ್ಯೆಯೊಬ್ಬರ ಶವಸಂಸ್ಕಾರ ಅದು.

ಅಂದರೆ ಮಾಂಸದ ಅಂಗಡಿ ಮುಚ್ಚಿಸಿದರೆ ಸಾಲದು. ರೋಗಿಯ ಆರೈಕೆ ಮತ್ತು ಶವ ತೊಳೆಯುವ ಪದ್ಧತಿಯನ್ನೇ ಸುರಕ್ಷಿತ ಮಾಡಬೇಕು. ಇದು ಬರೀ ಲೇಖನಕ್ಕೆ ಸೇರುವ ಮಾತಲ್ಲ.

ಇನ್ನೊಂದು ವಿಷಯ. ಆ ತಂಡ ಲೇಖನ ಅಚ್ಚಾಗುವವರೆಗೆ ಕಾಯಲಿಲ್ಲ. ಓದಿದ ಹಾಗೆಲ್ಲ ಜೀನೋಮ್‌ಗಳನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿತು. ಆ ಕಾಲಕ್ಕೆ ಅದು ಅಪರೂಪ.

ಬಯಲುಸೀಮೆ ಡಾಕ್ಟ್ರು

ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು ನಾನು. ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ.

ಎಬೋಲಾ ನಿಂತಿದ್ದು ಜೀನೋಮ್‌ನಿಂದ ಅಲ್ಲ. 28,600ಕ್ಕಿಂತ ಹೆಚ್ಚು ಜನಕ್ಕೆ ತಗಲಿ, 11,300ಕ್ಕಿಂತ ಹೆಚ್ಚು ಜನ ಸತ್ತ ಮೇಲೆ ಅದು ನಿಂತಿತು. ನಿಲ್ಲಿಸಿದ್ದು ಯಾರು? ಮನೆ ಮನೆಗೆ ಹೋಗಿ ಸಂಪರ್ಕದಲ್ಲಿದ್ದವರನ್ನು ಹುಡುಕಿದವರು. 21 ದಿನ ಬೆನ್ನು ಬಿಡದೆ ಜ್ವರ ನೋಡಿದವರು. ಸೂಟ್ ಹಾಕಿಕೊಂಡು ಶವ ಹೂತವರು. ಊರಿನ ಇಮಾಮರು, ಪಾದ್ರಿಗಳು, ಹಿರಿಯರನ್ನು ಕೂರಿಸಿಕೊಂಡು ಮಾತಾಡಿದವರು.

ಆಗಸ್ಟ್‌ನಲ್ಲಿ ಲೇಖನ ಬಂತು ಅಂತ ನೀವೇ ಬರೆದಿದ್ದೀರಿ. ರೋಗ ಭೀಕರವಾಗಿ ಏರಿದ್ದು ಅದರ ನಂತರ. ಆ ತಿಂಗಳುಗಳಲ್ಲಿ ಹೊಸ ಜೀನೋಮ್ ಎಷ್ಟು ಬಂದವು? ಹೆಚ್ಚುಕಡಿಮೆ ಏನೂ ಇಲ್ಲ. ಸ್ಯಾಂಪಲ್‌ಗಳು ಅನುಮತಿ, ಸಾಗಣೆ ಅಂತ ಸಿಕ್ಕಿಹಾಕಿಕೊಂಡವು. ಬೇಕಾದಾಗ ಸಿಗದ ಮಾಹಿತಿ ಎಷ್ಟೇ ಚೆನ್ನಾಗಿದ್ದರೂ ರೋಗಿಗೆ ಉಪಯೋಗ ಇಲ್ಲ.

ಲ್ಯಾಬ್‌ಕಿಟಕಿ

ಡಾಕ್ಟ್ರೇ, ನಿಮ್ಮ ಎರಡನೇ ಪ್ಯಾರಾಕ್ಕೆ ಪೂರ್ತಿ ಸಹಮತ. ಮೂರನೆಯದಕ್ಕೂ. ಅದೇ ಕಾರಣಕ್ಕೆ 2015ರಲ್ಲಿ ಕೆಲಸದ ರೀತಿಯೇ ಬದಲಾಯಿತು.

ಬರ್ಮಿಂಗ್‌ಹ್ಯಾಮ್‌ನ ತಂಡವೊಂದು ಮಿನಿಯಾನ್ ಅನ್ನುವ ಪುಟ್ಟ ಸೀಕ್ವೆನ್ಸರ್ ತೆಗೆದುಕೊಂಡು ಗಿನಿಯ ಕೊನಾಕ್ರಿಗೆ ಹೋಯಿತು. ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರ ಅದು. ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ಆಯಿತು. ಇಡೀ ಲ್ಯಾಬ್ ಸಾಮಾನ್ಯ ವಿಮಾನ ಲಗೇಜಿನಲ್ಲಿ, 50 ಕೆಜಿಗಿಂತ ಕಡಿಮೆ ತೂಕದಲ್ಲಿ ಹೋಯಿತು. ಅಲ್ಲಿ ಕರೆಂಟ್ ನಂಬುವ ಹಾಗಿರಲಿಲ್ಲ, ಇಂಟರ್ನೆಟ್ ನಿಧಾನ. ಆದರೂ 142 ಸ್ಯಾಂಪಲ್ ಓದಿದರು. ಸ್ಯಾಂಪಲ್ ಕೈಗೆ ಬಂದ 24 ಗಂಟೆಯೊಳಗೆ ಫಲಿತಾಂಶ ಕೊಡುವ ಮಟ್ಟಕ್ಕೆ ಬಂದರು. ಗಿನಿ ಮತ್ತು ಸಿಯೆರಾ ಲಿಯೋನ್ ಗಡಿಯಲ್ಲಿ ವೈರಸ್ ಆಚೀಚೆ ಓಡಾಡುತ್ತಲೇ ಇದೆ ಅನ್ನುವುದು ಹಾಗೆ ಗೊತ್ತಾಯಿತು. ಅದೇ ವರ್ಷ ಸಿಯೆರಾ ಲಿಯೋನ್‌ನ ಮಕೆನಿಯಲ್ಲಿ ಇಯಾನ್ ಗುಡ್‌ಫೆಲೋ ಅವರ ತಂಡ ಟೆಂಟ್‌ನಲ್ಲೇ ಸೀಕ್ವೆನ್ಸಿಂಗ್ ಶುರು ಮಾಡಿತು.

ಈಗ ನಿಮ್ಮ ಸಂಪರ್ಕ ಪತ್ತೆಯ ಮಾತಿಗೆ ಬರುತ್ತೇನೆ. 2015ರ ಮಾರ್ಚ್‌ನಲ್ಲಿ ಲೈಬೀರಿಯಾದಲ್ಲಿ ಒಬ್ಬ ಮಹಿಳೆಗೆ ಎಬೋಲಾ ಬಂತು. ಹೊಸ ರೋಗಿಗಳೇ ಇಲ್ಲ ಅಂತ ದೇಶ ಉಸಿರು ಬಿಡುತ್ತಿದ್ದ ಸಮಯ. ಆಕೆ ಯಾವ ಶವಸಂಸ್ಕಾರಕ್ಕೂ ಹೋಗಿರಲಿಲ್ಲ. ಯಾವ ರೋಗಿಯನ್ನೂ ನೋಡಿರಲಿಲ್ಲ. ಒಂದೇ ಒಂದು ಎಳೆ ಸಿಕ್ಕಿತು. ಆಕೆಯ ಸಂಗಾತಿ ತಿಂಗಳುಗಳ ಹಿಂದೆ ಎಬೋಲಾದಿಂದ ಗುಣವಾಗಿದ್ದ. ಅವನ ರಕ್ತದಲ್ಲಿ ವೈರಸ್ ಇಲ್ಲ. ವೀರ್ಯ ಪರೀಕ್ಷೆ ಮಾಡಿದರು. ರೋಗ ಶುರುವಾಗಿ 199 ದಿನ ಆದಮೇಲೂ ಅದರಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ಜೀನೋಮ್ ಇರುವ ವಸ್ತು) ಇತ್ತು. ಎರಡೂ ಕಡೆಯ ಜೀನೋಮ್ ಹೋಲಿಸಿದಾಗ, ಪಶ್ಚಿಮ ಆಫ್ರಿಕಾದ ಬೇರೆ ಯಾವ ಸ್ಯಾಂಪಲ್‌ನಲ್ಲೂ ಇಲ್ಲದ ಮೂರು ಬದಲಾವಣೆ ಇಬ್ಬರಲ್ಲೂ ಇದ್ದವು.

ಹಳ್ಳಿಗೆ ಹೋದವರು ಎಳೆ ಹುಡುಕಿಕೊಟ್ಟರು, ಜೀನೋಮ್ ಅದನ್ನು ಗಟ್ಟಿ ಮಾಡಿತು. ಒಂದಿಲ್ಲದೆ ಇನ್ನೊಂದು ಆಗುತ್ತಿರಲಿಲ್ಲ. ಅದಾದ ಮೇಲೆ ಗುಣವಾದ ಗಂಡಸರಿಗೆ ವೀರ್ಯ ಪರೀಕ್ಷೆ, ಕಾಂಡೋಮ್, ಸಲಹೆ ಕೊಡುವ ಕಾರ್ಯಕ್ರಮ ಲೈಬೀರಿಯಾದಲ್ಲಿ ಶುರುವಾಯಿತು. ಇದು ರೋಗಿಗೆ ಸಿಕ್ಕ ಲಾಭ ಅಲ್ವಾ?

ಕಡಲಕರೆ

ಮಧ್ಯೆ ಒಂದು ಸಣ್ಣ ಪ್ರಶ್ನೆ. ಹಾಗಾದರೆ ಯಾರಿಂದ ಯಾರಿಗೆ ಬಂತು ಅಂತ ಜೀನೋಮ್ ನೋಡಿ ಬೆರಳು ಮಾಡಿ ತೋರಿಸಬಹುದಾ? ಊರಲ್ಲಿ ಇಂಥದ್ದು ಗೊತ್ತಾದರೆ ಆ ಮನುಷ್ಯನ ಗತಿ ಏನು?

ಲ್ಯಾಬ್‌ಕಿಟಕಿ

ಬರೀ ಜೀನೋಮ್‌ನಿಂದ ಆಗುವುದಿಲ್ಲ. ಇಬ್ಬರ ವೈರಸ್ ಒಂದೇ ಇದ್ದರೆ ಇವರಿಂದ ಅವರಿಗೆ ಬಂದಿರಬಹುದು, ಅವರಿಂದ ಇವರಿಗೆ ಬಂದಿರಬಹುದು, ಇಬ್ಬರಿಗೂ ಮೂರನೆಯವರಿಂದ ಬಂದಿರಬಹುದು. ಆ ಮೂರನೆಯವರ ಸ್ಯಾಂಪಲ್ ನಮ್ಮ ಕೈಗೆ ಸಿಗದೇ ಹೋಗಿರಬಹುದು. ಹೀಗೆ ಬಂದಿರಲಾರದು ಅಂತ ಹೇಳುವುದರಲ್ಲಿ ಜೀನೋಮ್ ಗಟ್ಟಿ. ಹೀಗೇ ಬಂತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. 2021ರ ಫೆಬ್ರುವರಿಯಲ್ಲಿ ಗಿನಿಯ ಗೊವೆಕೆಯಲ್ಲಿ ಮತ್ತೆ ಎಬೋಲಾ ಬಂತು. ಎಲ್ಲರೂ ಅಂದುಕೊಂಡಿದ್ದು ಬಾವಲಿಯಿಂದಲೋ ಯಾವುದೋ ಪ್ರಾಣಿಯಿಂದಲೋ ಹೊಸದಾಗಿ ಬಂದಿದೆ ಅಂತ. ಜೀನೋಮ್ ಓದಿದರೆ ಅದು 2014ರ ಹಳೇ ವೈರಸ್ಸೇ. ಅಷ್ಟು ವರ್ಷ ಸಾಮಾನ್ಯವಾಗಿ ಹರಡುತ್ತಾ ಬಂದಿದ್ದರೆ ನೂರಕ್ಕೂ ಹೆಚ್ಚು ಅಕ್ಷರ ಬದಲಾಗಿರಬೇಕಿತ್ತು. ಬದಲಾಗಿದ್ದು ಡಜನ್ ಆಸುಪಾಸು ಮಾತ್ರ. ಅಂದರೆ ಯಾರದೋ ದೇಹದಲ್ಲಿ ಐದಾರು ವರ್ಷ ಹೆಚ್ಚುಕಡಿಮೆ ಮಲಗಿತ್ತು.

ಈ ಸುದ್ದಿ ಬಂದ ದಿನ ವಿಜ್ಞಾನಿಗಳು ಸಂಭ್ರಮಪಡಲಿಲ್ಲ, ಹೆದರಿದರು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಸಾವಿರಾರು ಜನ ಬದುಕಿ ಉಳಿದವರಿದ್ದಾರೆ. ಕಣ್ಣು ಮಂಜಾಗಿ, ಕೀಲು ನೋವಾಗಿ, ಮನೆಯವರನ್ನು ಕಳಕೊಂಡು ಉಳಿದವರು. ಅವರ ಮೇಲೆ ಈಗ ಇನ್ನೊಂದು ಅನುಮಾನ. ಆ ಫಲಿತಾಂಶವನ್ನು ಮುಚ್ಚಿಡುವಂತಿಲ್ಲ. ಆದರೆ ಹೇಳುವ ಮುಂಚೆ ಬದುಕಿ ಉಳಿದವರ ಸಂಘಗಳ ಜೊತೆ ಕೂತು ಮಾತಾಡುವುದು ವಿಜ್ಞಾನದ್ದೇ ಭಾಗ ಅಂತ ನನ್ನ ನಂಬಿಕೆ.

ಒಂದು ವ್ಯತ್ಯಾಸ ಗಮನಿಸಿ. 2014ರಲ್ಲಿ ಓದಿದ್ದು ಅಮೆರಿಕದಲ್ಲಿ. 2021ರಲ್ಲಿ ಕೊನಾಕ್ರಿಯ ಸಂಶೋಧನಾ ಕೇಂದ್ರದಲ್ಲೇ ಓದಿದರು. ಸೆನೆಗಲ್‌ನ ಡಕಾರ್‌ನಲ್ಲಿರುವ ಪಾಶ್ಚರ್ ಇನ್‌ಸ್ಟಿಟ್ಯೂಟ್ ಕೂಡ ಓದಿತು. ಆ ಸಲ ರೋಗ 23 ಜನರಿಗೆ ನಿಂತಿತು, 12 ಸಾವು. ಲಸಿಕೆ ಕೈಯಲ್ಲಿತ್ತು, ಅನುಭವ ಇತ್ತು, ಅದೆಲ್ಲ ಸೇರಿ ಆದದ್ದು. ಜೀನೋಮ್ ಒಂದರಿಂದಲೇ ಅಂತ ನಾನು ಹೇಳುವುದಿಲ್ಲ.

ಹೊಳೆದಂಡೆ

ಹೈಟಿಯ ಕಾಲರಾ ವಿಷಯ ಯಾರೂ ಎತ್ತಿಲ್ಲ. ನಾನು ನೀರು ಮತ್ತು ನೈರ್ಮಲ್ಯದ ಕೆಲಸದಲ್ಲಿರುವವಳು. ನಮಗೆ ಅದು ಮರೆಯಲಾಗದ ಪಾಠ.

2010ರ ಜನವರಿಯಲ್ಲಿ ಭೂಕಂಪ. ಅಕ್ಟೋಬರ್‌ನಲ್ಲಿ ಕಾಲರಾ. ಅದಕ್ಕೆ ಮುಂಚೆ ಕನಿಷ್ಠ ನೂರು ವರ್ಷ ಆ ದೇಶದಲ್ಲಿ ಕಾಲರಾ ದಾಖಲಾಗಿರಲಿಲ್ಲ. ಮಿರೆಬಾಲೆ ಊರಿನ ಹತ್ತಿರ, ಅರ್ಟಿಬೊನಿಟ್ ನದಿಗೆ ಸೇರುವ ಹೊಳೆಯ ಮೇಲ್ಭಾಗದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರ ಇತ್ತು. ಅಲ್ಲಿದ್ದವರು ಆಗಷ್ಟೇ ನೇಪಾಳದಿಂದ ಬಂದ ಸೈನಿಕರು. ಶಿಬಿರದ ಕಕ್ಕಸು ನೀರು ಹೊಳೆಗೆ ಸೇರುತ್ತಿತ್ತು. ಕೆಳಗಿನ ಊರಿನವರು ಮೊದಲ ವಾರದಿಂದಲೇ ಅದನ್ನು ಹೇಳುತ್ತಿದ್ದರು. ಫ್ರಾನ್ಸಿನ ಸಾಂಕ್ರಾಮಿಕ ರೋಗ ತಜ್ಞ ರೆನೋ ಪಿಯಾರೂ ಹಳ್ಳಿ ಹಳ್ಳಿ ತಿರುಗಿ ಅದೇ ತೀರ್ಮಾನಕ್ಕೆ ಬಂದರು. ವಿಶ್ವಸಂಸ್ಥೆ ಒಪ್ಪಲಿಲ್ಲ.

2011ರಲ್ಲಿ ಜೀನೋಮ್ ಹೋಲಿಕೆ ಬಂತು. ನೇಪಾಳದ 24 ಕಾಲರಾ ಸ್ಯಾಂಪಲ್ ಒಂದು ಕಡೆ, ಹೈಟಿಯದು ಇನ್ನೊಂದು ಕಡೆ. ಈ ಬ್ಯಾಕ್ಟೀರಿಯಾದ ಜೀನೋಮ್ ಸುಮಾರು 40 ಲಕ್ಷ ಅಕ್ಷರ. ಅದರಲ್ಲಿ ನೇಪಾಳದ ಕೆಲವಕ್ಕೂ ಹೈಟಿಯದಕ್ಕೂ ಒಂದೆರಡು ಅಕ್ಷರ ಮಾತ್ರ ವ್ಯತ್ಯಾಸ. ವಿಶ್ವಸಂಸ್ಥೆ ನೇಮಿಸಿದ್ದ ತಜ್ಞರೇ 2013ರಲ್ಲಿ ಶಾಂತಿಪಡೆಯೇ ಮೂಲ ಇರುವ ಸಾಧ್ಯತೆ ಜಾಸ್ತಿ ಅಂತ ಬರೆದರು. 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಅಷ್ಟೊತ್ತಿಗೆ ಸತ್ತವರು ಹತ್ತಿರ ಹತ್ತಿರ 10,000.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ನೇಪಾಳದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ. ತಮ್ಮ ದೇಶದ ಮೇಲೆ ಆರೋಪ ಬರಬಹುದು ಅಂತ ಗೊತ್ತಿದ್ದೂ ಅವರು ಸ್ಯಾಂಪಲ್ ಕೊಟ್ಟರು. ಆ ಧೈರ್ಯ ಇಲ್ಲದಿದ್ದರೆ ಈ ಕಥೆ ಇವತ್ತಿಗೂ ಊಹೆಯಾಗಿಯೇ ಇರುತ್ತಿತ್ತು.

ಡಾಕ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೈಟಿಯ ಹೊಳೆದಂಡೆಯವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಜೀನೋಮ್ ಅವರ ಮಾತಿಗೆ ತೂಕ ಕೊಟ್ಟಿತು. ಆದರೆ ಶುದ್ಧ ನೀರು ಕೊಡಲಿಲ್ಲ. 2022ರಲ್ಲಿ ಹೈಟಿಗೆ ಕಾಲರಾ ವಾಪಸ್ ಬಂತು, ಜೀನೋಮ್ ಓದಿದಾಗ ಅದು 2010ರ ತಳಿಯ ಸಂತತಿಯೇ ಆಗಿತ್ತು.

ಬಯಲುಸೀಮೆ ಡಾಕ್ಟ್ರು

ಹೈಟಿಯ ವಿಷಯ ಓದಿ ಹೊಟ್ಟೆ ಉರಿಯಿತು. ಆರು ವರ್ಷ ಬೇಕಾಯಿತಾ ಒಂದು ಕ್ಷಮೆಗೆ.

ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಇವೆಲ್ಲ ಮೂಲ ಹುಡುಕುವ ಕಥೆಗಳು. ನನ್ನ ಮುಂದೆ ಕೂತ ಒಬ್ಬ ರೋಗಿಯ ಮಾತ್ರೆ ಬದಲಾಗುವಂಥ ಉದಾಹರಣೆ ಯಾರಾದರೂ ಕೊಡಿ.

ಸೂಕ್ಷ್ಮದರ್ಶಿ

ಕೊಡುತ್ತೇನೆ. ಟಿಬಿ ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗಿದ್ದೇನೆ. ನನ್ನ ದಿನ ಪೂರ್ತಿ ಕಫದ ಜೊತೆ.

ನಮ್ಮಲ್ಲಿ ಸಿಬಿನ್ಯಾಟ್ ಅನ್ನುವ ಯಂತ್ರ ನಿಮಗೆಲ್ಲ ಗೊತ್ತು. ಕಫ ಹಾಕಿದರೆ ಎರಡು ಗಂಟೆಯಲ್ಲಿ ಟಿಬಿ ಇದೆಯಾ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತದಾ ಅಂತ ಹೇಳುತ್ತದೆ. ಎರಡನೆಯದನ್ನು ಹೇಳುವುದು ಹೇಗೆ? ಟಿಬಿ ಬ್ಯಾಕ್ಟೀರಿಯಾದ ಜೀನೋಮ್ 44 ಲಕ್ಷ ಅಕ್ಷರ. ಯಂತ್ರ ಅದರಲ್ಲಿ ಆರ್‌ಪಿಒಬಿ ಅನ್ನುವ ಜೀನ್‌ನ 81 ಅಕ್ಷರದ ಒಂದು ತುಂಡನ್ನು ಮಾತ್ರ ನೋಡುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ ತಳಿಗಳಲ್ಲಿ ಬಹುಪಾಲಿಗೆ ಬದಲಾವಣೆ ಇರುವುದು ಅಲ್ಲೇ. ಆದ್ದರಿಂದ ಪರೀಕ್ಷೆ ಒಳ್ಳೆಯದೇ. ಲಕ್ಷಾಂತರ ಜನರ ಟಿಬಿ ಬೇಗ ಪತ್ತೆ ಮಾಡಿದೆ.

ಈಗ ಆಫ್ರಿಕಾದ ಎಸ್ವಾಟಿನಿಗೆ ಬನ್ನಿ. ಆಗ ಸ್ವಾಜಿಲ್ಯಾಂಡ್ ಅಂತ ಹೆಸರಿತ್ತು. 2009ರ ಸುಮಾರಿಗೆ ಅಲ್ಲಿ ದೇಶವ್ಯಾಪಿ ಟಿಬಿ ಸಮೀಕ್ಷೆ ಮಾಡಿದರು. ಹಲವು ಔಷಧಕ್ಕೆ ಬಗ್ಗದ ತಳಿಗಳನ್ನು ಕೂಡಿಸಿ ಜೀನ್ ಓದಿದಾಗ, ಅವುಗಳಲ್ಲಿ 30 ಶೇಕಡಾ ತಳಿಗಳಲ್ಲಿ ಬದಲಾವಣೆ 491ನೇ ಜಾಗದಲ್ಲಿತ್ತು. ಅದು ಆ 81 ಅಕ್ಷರದ ಹೊರಗೆ! ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ರಿಫಾಂಪಿಸಿನ್ ಕೆಲಸ ಮಾಡುತ್ತದೆ ಅಂತ ಚೀಟಿ ಬರುತ್ತದೆ. ದ್ರವ ಮಾಧ್ಯಮದಲ್ಲಿ ಬೆಳೆಸಿ ನೋಡುವ ಪರೀಕ್ಷೆಯೂ ಎಷ್ಟೋ ಸಲ ಇದನ್ನು ಹಿಡಿಯುವುದಿಲ್ಲ.

ಯೋಚನೆ ಮಾಡಿ ಡಾಕ್ಟ್ರೇ. ಹತ್ತು ಜನ ಇಂಥ ರೋಗಿಗಳಲ್ಲಿ ಮೂವರಿಗೆ ಯಂತ್ರ ಎಲ್ಲ ಸರಿ ಇದೆ ಅನ್ನುತ್ತದೆ. ಅವರು ಕೆಲಸಕ್ಕೆ ಬಾರದ ಮಾತ್ರೆ ನುಂಗುತ್ತಾರೆ. ತೂಕ ಇಳಿಯುತ್ತದೆ. ಸರಿಯಾಗಿ ಮಾತ್ರೆ ತಗೊಂಡಿಲ್ಲ ಅಂತ ಬೈಸಿಕೊಳ್ಳುತ್ತಾರೆ. ಮನೆಯವರಿಗೂ ಅದೇ ತಳಿ ಅಂಟುತ್ತದೆ. ಪರೀಕ್ಷೆ ಹಿಡಿಯದ ತಳಿಯೇ ಉಳಿದು ಬೆಳೆಯುತ್ತದೆ.

ಇದನ್ನು ಬಯಲಿಗೆ ತಂದದ್ದು ಜೀನ್ ಓದುವ ಕೆಲಸ. ಮುಂದೆ ಇಡೀ ಜೀನೋಮ್ ಓದಿದಾಗ ಈ ತಳಿಯಲ್ಲಿ ಹಲವು ಬೆಡಾಕ್ವಿಲಿನ್‌ಗೂ ಸರಿಯಾಗಿ ಬಗ್ಗುವುದಿಲ್ಲ ಅನ್ನುವುದು ಗೊತ್ತಾಯಿತು. ಬೆಡಾಕ್ವಿಲಿನ್ ಅಂದರೆ ಔಷಧಕ್ಕೆ ಬಗ್ಗದ ಟಿಬಿಯ ಹೊಸ ಚಿಕಿತ್ಸೆಯ ಬೆನ್ನೆಲುಬು. ಮಾತ್ರೆ ಬದಲಾಗುವ ಉದಾಹರಣೆ ಇದಕ್ಕಿಂತ ನೇರವಾಗಿ ಸಿಗುವುದಿಲ್ಲ.

ಕಡಲಕರೆ

ಮಲೇರಿಯಾದಲ್ಲೂ ಇಂಥದ್ದೇ ಆಗಿದೆ. ಮಂಗಳೂರಿನವನಾದ್ದರಿಂದ ಮಲೇರಿಯಾ ನಮ್ಮ ಮನೆ ಮಾತು. ಬೆರಳು ಚುಚ್ಚಿ ನೋಡುವ ಕಾರ್ಡ್ ಪರೀಕ್ಷೆಗಳಲ್ಲಿ ಹೆಚ್ಚಿನವು ಮಲೇರಿಯಾ ತರುವ ಫಾಲ್ಸಿಪಾರಂ ಪರಾವಲಂಬಿ ಬಿಡುವ ಎಚ್‌ಆರ್‌ಪಿ2 ಅನ್ನುವ ಪ್ರೋಟೀನ್ ಹಿಡಿಯುತ್ತವೆ. ಎರಿಟ್ರಿಯಾದಲ್ಲಿ ಕಾರ್ಡ್ ನೆಗೆಟಿವ್, ಅದೇ ರೋಗಿಯ ರಕ್ತ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪರಾವಲಂಬಿ ತುಂಬಿದೆ. ಜೀನ್ ನೋಡಿದರೆ ಆ ಪ್ರೋಟೀನಿನ ಜೀನ್‌ನ್ನೇ ಪರಾವಲಂಬಿ ಕಳಚಿಕೊಂಡಿದೆ. 2016ರಲ್ಲಿ ದೇಶ ಬೇರೆ ಥರದ ಕಾರ್ಡಿಗೆ ಬದಲಾಯಿತು. ಬದಲಾಗದಿದ್ದರೆ ಜ್ವರ ಬಂದ ಮಕ್ಕಳನ್ನು ಮಲೇರಿಯಾ ಇಲ್ಲ ಅಂತ ಮನೆಗೆ ಕಳಿಸುತ್ತಿದ್ದರು.

ಮೊದಲು ಅನುಮಾನ ಬಂದದ್ದು ಮೈಕ್ರೋಸ್ಕೋಪಿನ ಮುಂದೆ ಕೂತವರಿಗೆ ಅನ್ನುವುದನ್ನೂ ಸೆಮಿನಾರ್‌ನಲ್ಲಿ ಹೇಳಿ.

ಬಯಲುಸೀಮೆ ಡಾಕ್ಟ್ರು

ಎಸ್ವಾಟಿನಿಯ ಉದಾಹರಣೆ ಒಪ್ಪಿದೆ. ಚೀಟಿ ಸರಿ ಇದೆ, ರೋಗಿ ಸರಿ ಇಲ್ಲ ಅನ್ನುವ ಪರಿಸ್ಥಿತಿ ನಮಗೂ ಬರುತ್ತದೆ. ಕಾರಣಗಳು ಬೇರೆ ಬೇರೆ ಇರಬಹುದು. ಆದರೂ ರೋಗಿಯನ್ನು ಬೈಯುವ ಮುಂಚೆ ಪರೀಕ್ಷೆಯ ಮಿತಿ ಏನು ಅಂತ ಕೇಳಬೇಕು. ಈ ಮಾತು ನಮ್ಮ ಕಿರಿಯ ಡಾಕ್ಟರ್‌ಗಳಿಗೆ ಯಾರೂ ಹೇಳಿಕೊಡುವುದಿಲ್ಲ.

ಇದೆಲ್ಲ ಎಷ್ಟು ದಿನದಲ್ಲಿ ಆಗುತ್ತದೆ, ಎಲ್ಲಿ ಆಗುತ್ತದೆ?

ಲ್ಯಾಬ್‌ಕಿಟಕಿ

ಇಡೀ ಜೀನೋಮ್ ಓದಲು ಟಿಬಿಯನ್ನು ಸಾಮಾನ್ಯವಾಗಿ ಬೆಳೆಸಬೇಕು. ಅದೇ ವಾರಗಟ್ಟಲೆ. ಆದ್ದರಿಂದ ಈಗ ಕಫದಿಂದ ನೇರವಾಗಿ, ಔಷಧಕ್ಕೆ ಸಂಬಂಧಿಸಿದ ಜೀನ್‌ಗಳನ್ನು ಮಾತ್ರ ಹಿಗ್ಗಿಸಿ ಪೂರ್ತಿ ಓದುವ ವಿಧಾನ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. 81 ಅಕ್ಷರದ ಕಿಂಡಿ ಬಿಟ್ಟು ಇಡೀ ಆರ್‌ಪಿಒಬಿ ಕಾಣುತ್ತದೆ. ಯಾವ ಬದಲಾವಣೆಗೆ ಯಾವ ಔಷಧ ಬಗ್ಗುವುದಿಲ್ಲ ಅನ್ನುವ ಪಟ್ಟಿಯನ್ನೂ ಸಂಸ್ಥೆ 2021ರಲ್ಲಿ ಪ್ರಕಟಿಸಿತು. ಹತ್ತಾರು ದೇಶಗಳ 38,000ಕ್ಕೂ ಹೆಚ್ಚು ಸ್ಯಾಂಪಲ್ ನೋಡಿ ಮಾಡಿದ ಪಟ್ಟಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಅಂಥ ಪಟ್ಟಿಯಲ್ಲಿ ನಮ್ಮ ಸ್ಯಾಂಪಲ್ ಜಾಸ್ತಿ ಸೇರಿದಷ್ಟೂ ನಮ್ಮ ರೋಗಿಗಳಿಗೇ ಲಾಭ.

ಇಲ್ಲಿ ಕೆಲಸ ನಡೆಯುತ್ತಿಲ್ಲ ಅಂತ ತಿಳಿಯಬೇಡಿ. ಬೆಂಗಳೂರಿನ ಕಿಮ್ಸ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನೋಮ್ ಓದುವ ಜಾಗತಿಕ ಜಾಲದಲ್ಲಿದೆ. ಜೊತೆಗಿರುವ ದೇಶಗಳು ಕೊಲಂಬಿಯಾ, ನೈಜೀರಿಯಾ, ಫಿಲಿಪೈನ್ಸ್. ಟ್ರೂನ್ಯಾಟ್ ಅನ್ನುವ ಟಿಬಿ ಪರೀಕ್ಷೆಯ ಯಂತ್ರ ಕೂಡ ಬೆಂಗಳೂರಿನ ಬಿಗ್‌ಟೆಕ್‌ನವರು ರೂಪಿಸಿದ್ದು. ಬ್ಯಾಟರಿ ಮೇಲೆ ನಡೆಯುವ ಆ ಯಂತ್ರ ಸಣ್ಣ ಊರುಗಳಿಗೂ ಹೋಗಿದೆ.

ಡಬ್ಲಿನ್ ಕನ್ನಡಿಗ

ನಾನು ಇಲ್ಲಿ ಡೇಟಾ ಕೆಲಸ ಮಾಡುವವನು. ಈ ಚರ್ಚೆಯಲ್ಲಿ ಒಂದು ನೋವಿನ ವಿಷಯ ಬರಲೇಬೇಕು. ಜೀನೋಮ್ ಓದಿ ಹಂಚಿಕೊಂಡವರಿಗೆ ಪ್ರತಿಯಾಗಿ ಏನು ಸಿಕ್ಕಿತು?

2021ರ ನವೆಂಬರ್. ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದ ಲ್ಯಾಬ್‌ಗಳು ಕೋವಿಡ್‌ನ ಹೊಸ ರೂಪ ಕಂಡವು. ಕೂಡಲೇ ಜಗತ್ತಿಗೆ ತಿಳಿಸಿದವು. ಮರುದಿನವೇ ಓಮಿಕ್ರಾನ್ ಅಂತ ಹೆಸರಾಯಿತು. ಅಷ್ಟರಲ್ಲೇ ಶ್ರೀಮಂತ ದೇಶಗಳು ದಕ್ಷಿಣ ಆಫ್ರಿಕಾದ ವಿಮಾನ ನಿಲ್ಲಿಸಿದವು. ಆ ನಿರ್ಬಂಧದಿಂದ ಪ್ರಯೋಗಾಲಯಕ್ಕೆ ಬೇಕಾದ ರಾಸಾಯನಿಕಗಳೂ ಸಿಗದ ಸ್ಥಿತಿ ಬಂದಿದೆ ಅಂತ ಅಲ್ಲಿನ ವಿಜ್ಞಾನಿ ಟುಲಿಯೊ ಡಿ ಒಲಿವೆರಾ ಗೋಳಾಡಬೇಕಾಯಿತು. ವೈರಸ್ ಮಾತ್ರ ಎಲ್ಲ ಕಡೆ ಹೋಗಿಯಾಗಿತ್ತು. ಭಾರತದ ಮೊದಲ ಎರಡು ಪ್ರಕರಣ ಡಿಸೆಂಬರ್ 2ರಂದು ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದಲೇ. ಅದರಲ್ಲಿ ಒಬ್ಬರು ಸ್ಥಳೀಯ ಡಾಕ್ಟರ್, ವಿದೇಶಕ್ಕೆ ಹೋಗಿಯೇ ಇರಲಿಲ್ಲ.

ಸತ್ಯ ಹೇಳಿದವರಿಗೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಯಾರು ಬೇಗ ಹೇಳುತ್ತಾರೆ?

ಇದಕ್ಕೆ ಹಿಂದಿನ ಕಥೆಯೂ ಇದೆ. 2007ರ ಸುಮಾರಿಗೆ ಇಂಡೋನೇಷ್ಯಾ ಹಕ್ಕಿಜ್ವರದ ಸ್ಯಾಂಪಲ್ ಕೊಡುವುದನ್ನು ನಿಲ್ಲಿಸಿತು. ಆರೋಗ್ಯ ಮಂತ್ರಿ ಸಿತಿ ಫಾದಿಲಾ ಸುಪಾರಿ ಅವರ ವಾದ ನೇರವಾಗಿತ್ತು. ನಮ್ಮ ಜನರ ದೇಹದಿಂದ ವೈರಸ್ ಕೊಡುತ್ತೇವೆ, ಅದರಿಂದ ಬೇರೆಯವರು ಲಸಿಕೆ ಮಾಡುತ್ತಾರೆ, ಆ ಲಸಿಕೆ ಕೊಳ್ಳುವ ಶಕ್ತಿ ನಮಗಿಲ್ಲ. ಅಪಾಯದ ಹೆಜ್ಜೆ ಅಂತ ಆಗ ತುಂಬ ಜನ ಬೈದರು. ಆದರೆ ಆ ಒತ್ತಡದಿಂದಲೇ 2011ರಲ್ಲಿ ಫ್ಲೂ ಸ್ಯಾಂಪಲ್‌ಗೆ ಪ್ರತಿಯಾಗಿ ಲಾಭ ಹಂಚುವ ಒಪ್ಪಂದ ಬಂತು. 2025ರ ಮೇನಲ್ಲಿ ಒಪ್ಪಿಕೊಂಡ ಮಹಾಮಾರಿ ಒಪ್ಪಂದದಲ್ಲೂ ಎಲ್ಲಕ್ಕಿಂತ ಕಷ್ಟವಾದದ್ದು ಇದೇ ಭಾಗ. ಅದನ್ನು ಬೇರೆ ಮಾತುಕತೆಗೆ ಬಿಟ್ಟರು.

ಡೇಟಾ ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. ಕೆನೆಮಾದವರು ಹಂಚಿಕೊಂಡರು, ನೇಪಾಳದವರು ಕೊಟ್ಟರು. ಅವರಷ್ಟೇ ನಿಯತ್ತು ತೆಗೆದುಕೊಳ್ಳುವವರಿಗೂ ಇರಬೇಕು.

ಸೊರಬದವ

ನಮ್ಮ ಮಂಗನ ಕಾಯಿಲೆ ಬಗ್ಗೆ ಈ ಥರ ಕೆಲಸ ಆಗಿದೆಯಾ? 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಗೊತ್ತಾದ ವೈರಸ್. ಊರಿನ ಹೆಸರನ್ನೇ ಇಟ್ಟುಕೊಂಡಿದೆ. ಪ್ರತಿ ವರ್ಷ ಬೇಸಿಗೆ ಬಂತೆಂದರೆ ತರಗು ಗುಡಿಸಲು ಹೋಗುವವರಿಗೆ ಭಯ. ಸತ್ತ ಮಂಗ ಕಂಡರೆ ಇಡೀ ಊರಿಗೆ ನಿದ್ದೆ ಇಲ್ಲ.

ಲ್ಯಾಬ್‌ಕಿಟಕಿ

ಆಗಿದೆ, ಆದರೆ ಸಾಲದು. ಪುಣೆಯ ವೈರಾಣು ಸಂಸ್ಥೆಯವರು 1957ರಿಂದ 2017ರವರೆಗಿನ ಸ್ಯಾಂಪಲ್‌ಗಳ ಜೀನೋಮ್ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಶಿವಮೊಗ್ಗದ ಕಡೆಯಿಂದ ಪಶ್ಚಿಮ ಘಟ್ಟದ ಉದ್ದಕ್ಕೂ ವೈರಸ್ ಹೇಗೆ ಹಬ್ಬಿತು ಅನ್ನುವುದು ಅದರ ವಿಷಯ. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೆಲ್ಲ ಇದು ಕಂಡಿತಲ್ವಾ. ಸೌದಿ ಅರೇಬಿಯಾದ ಅಲ್ಖುರ್ಮಾ ವೈರಸ್ ಇದರ ಹತ್ತಿರದ ಬಂಧು ಅನ್ನುವುದೂ ಜೀನೋಮ್‌ನಿಂದಲೇ ಗೊತ್ತು.

ಹಳೇ ಲಸಿಕೆಯ ವೈರಸ್ 1957ರ ತಳಿ. ಆ ಲಸಿಕೆ 2022ರಲ್ಲಿ ನಿಂತುಹೋಯಿತು. ಹೊಸದನ್ನು ಮಾಡುವಾಗ ಇವತ್ತು ಕಾಡಿನಲ್ಲಿರುವ ವೈರಸ್ ಹೇಗಿದೆ ಅಂತ ತಿಳಿದಿರಬೇಕು. ಅದಕ್ಕೆ ಪ್ರತಿ ಬೇಸಿಗೆಯ ಉಣುಗು (ರೋಗ ಹರಡುವ ಹುಳು), ಮಂಗ, ಮನುಷ್ಯರ ಸ್ಯಾಂಪಲ್ ಬೇಕು. ವರ್ಷಗಳ ನಂತರ ಒಟ್ಟಿಗೆ ಓದಿದರೆ ಇತಿಹಾಸ ಸಿಗುತ್ತದೆ. ಆ ವಾರವೇ ಓದಿದರೆ ಯಾವ ಊರಿಗೆ ಮೊದಲು ಹೋಗಬೇಕು ಅಂತ ತೀರ್ಮಾನಿಸಲು ನೆರವಾಗುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬ ಧನ್ಯವಾದ. ಸೆಮಿನಾರ್‌ನ ಕೊನೆ ಭಾಗಕ್ಕೆ ಒಂದು ಪ್ರಶ್ನೆ. ಒಂದು ಜಿಲ್ಲೆಗೆ ಈ ಕೆಲಸಕ್ಕೆ ದುಡ್ಡು ಬಂತು ಅಂದುಕೊಳ್ಳಿ. ಮೊದಲು ಏನು ಕೊಳ್ಳಬೇಕು? ಯಂತ್ರವೇ?

ಸೂಕ್ಷ್ಮದರ್ಶಿ

ಯಂತ್ರ ಕೊನೆಗೆ. ಕಾರಣ ಹೇಳುತ್ತೇನೆ.

ನಮಗೆ ಬರುವ ಕಫದ ಡಬ್ಬಿಗಳಲ್ಲಿ ಎಷ್ಟೋ ಮುಚ್ಚಳ ಸಡಿಲ ಇರುತ್ತದೆ. ದಾರಿಯಲ್ಲಿ ಸೋರಿ ಹೆಸರು ಬರೆದ ಶಾಯಿ ಅಳಿಸಿ ಹೋಗಿರುತ್ತದೆ. ಐಸ್ ಪ್ಯಾಕ್ ಕರಗಿ, ಬೇರೆ ಬ್ಯಾಕ್ಟೀರಿಯಾ ಬೆಳೆದು ಟಿಬಿ ಸಿಗುವುದೇ ಇಲ್ಲ. ಫಾರ್ಮ್‌ನಲ್ಲಿ ಹಿಂದೆ ಟಿಬಿ ಚಿಕಿತ್ಸೆ ಆಗಿದೆಯಾ ಅನ್ನುವ ಜಾಗ ಖಾಲಿ. ಇಂಥ ಸ್ಯಾಂಪಲ್‌ಗೆ ಯಾವ ಸೀಕ್ವೆನ್ಸರ್ ಇಟ್ಟರೂ ಸುಮ್ನೆ. ಓದಿದರೂ, ಯಾವ ಊರು, ಯಾವ ಔಷಧ, ಯಾವಾಗಿಂದ ಅಂತ ಗೊತ್ತಿಲ್ಲದ ಜೀನೋಮ್‌ನಿಂದ ಏನು ಹೇಳುವುದು?

ಮೊದಲ ದುಡ್ಡು ಸಾಗಣೆಗೆ, ಕೋಲ್ಡ್ ಬಾಕ್ಸಿಗೆ, ಫಾರ್ಮ್ ತುಂಬಿಸುವ ಜನರಿಗೆ ಹೋಗಲಿ. ಆಮೇಲೆ ಡೇಟಾ ಓದಲು ಬರುವ ಇಬ್ಬರು ಹುಡುಗರಿಗೋ ಹುಡುಗಿಯರಿಗೋ ಕಾಯಂ ಕೆಲಸ. ವರ್ಷಕ್ಕೊಂದು ಗುತ್ತಿಗೆ ಅಂತ ಆದರೆ ಕಲಿತವರು ಹೊರಟುಹೋಗುತ್ತಾರೆ. ಆಮೇಲೆ ರೀಏಜೆಂಟ್‌ಗೆ (ಪರೀಕ್ಷೆಯ ರಾಸಾಯನಿಕಗಳಿಗೆ) ಪ್ರತಿ ವರ್ಷ ಬರುವ ಹಣ. ಅವು ಫ್ರಿಜ್‌ನಲ್ಲಿದ್ದೂ ಅವಧಿ ಮುಗಿಯುತ್ತವೆ.

ಡಬ್ಲಿನ್ ಕನ್ನಡಿಗ

ಜನರ ವಿಷಯಕ್ಕೆ ನೈಜೀರಿಯಾದ ಉದಾಹರಣೆ ಸೇರಿಸಿ. ಎಡೆ ಊರಿನ ರಿಡೀಮರ್ಸ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಕ್ರಿಶ್ಚಿಯನ್ ಹಾಪಿ ಕಟ್ಟಿದ ಜೀನೋಮ್ ಓದುವ ಕೇಂದ್ರ ಇದೆ. ಆಫ್ರಿಕಾದ ಬೇರೆ ದೇಶಗಳವರಿಗೂ ಅಲ್ಲಿ ತರಬೇತಿ ಕೊಡುತ್ತಾರೆ. 2020ರಲ್ಲಿ ನೈಜೀರಿಯಾದ ಮೊದಲ ಕೋವಿಡ್ ಜೀನೋಮ್ ಓದಿದ್ದು ಅಲ್ಲೇ, ಕೆಲವೇ ದಿನದಲ್ಲಿ.

ಬಯಲುಸೀಮೆ ಡಾಕ್ಟ್ರು

ಸೂಕ್ಷ್ಮದರ್ಶಿ, ಒಂದು ಕೆಲಸದ ಪ್ರಶ್ನೆ. ರಿಪೋರ್ಟ್‌ನಲ್ಲಿ ರಿಫಾಂಪಿಸಿನ್ ಕೆಲಸ ಮಾಡುತ್ತದೆ ಅಂತಿದೆ. ಮಾತ್ರೆ ಎದುರಿಗೇ ನುಂಗಿಸಿದ್ದೇವೆ. ಎರಡು ತಿಂಗಳಾದರೂ ಕಫದಲ್ಲಿ ಟಿಬಿ ಹೋಗಿಲ್ಲ. ನಾನು ಏನು ಮಾಡಬೇಕು?

ಸೂಕ್ಷ್ಮದರ್ಶಿ

ಕಾಯಬೇಡಿ ಸರ್. ಹೊಸ ಕಫ ತೆಗೆಸಿ, ಬೆಳಗ್ಗೆ ಎದ್ದ ಕೂಡಲೇ ಬರುವುದು. ಎರಡು ಡಬ್ಬಿ. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಮತ್ತು ಔಷಧ ಪರೀಕ್ಷೆಗೆ ಜಿಲ್ಲಾ ಟಿಬಿ ಅಧಿಕಾರಿ ಮೂಲಕ ಕಳಿಸಿ. ಸಕ್ಕರೆ ಕಾಯಿಲೆ, ಎಚ್‌ಐವಿ, ತೂಕಕ್ಕೆ ತಕ್ಕ ಡೋಸ್ ಇದೆಯಾ ಅನ್ನುವುದನ್ನೂ ಜೊತೆಗೇ ನೋಡಿ. ಟಿಬಿಯ ಇನ್ನೊಂದು ಮುಖ್ಯ ಔಷಧ ಐಸೋನಿಯಾಜಿಡ್‌ಗೆ ಬಗ್ಗದ ತಳಿಯೂ ಇರಬಹುದು, ಅದನ್ನು ಮಾಮೂಲಿ ಸಿಬಿನ್ಯಾಟ್ ಹೇಳುವುದಿಲ್ಲ. ರಾಷ್ಟ್ರೀಯ ಮಟ್ಟದ ಉಲ್ಲೇಖ ಪ್ರಯೋಗಾಲಯ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲೇ ಇದೆ. ಎರಡು ಪರೀಕ್ಷೆಗಳ ಉತ್ತರ ಬೇರೆ ಬೇರೆ ಬಂದರೆ ಜೀನ್ ಓದಿ ನೋಡಬಹುದಾ ಅಂತ ಬಾಯಿ ಬಿಟ್ಟು ಕೇಳಿ.

ಫಾರ್ಮ್‌ನಲ್ಲಿ ಮಾತ್ರ ಒಂದು ಸಾಲು ತಪ್ಪದೆ ಬರೆಯಿರಿ. ಚಿಕಿತ್ಸೆ ಸರಿಯಾಗಿ ನಡೆದಿದೆ, ರೋಗಿ ಸುಧಾರಿಸಿಲ್ಲ, ಹಿಂದಿನ ರಿಪೋರ್ಟ್ ಹೀಗಿತ್ತು ಅಂತ. ಆ ಸಾಲು ಇದ್ದರೆ ನಾವು ಆ ಸ್ಯಾಂಪಲ್ ಪಕ್ಕಕ್ಕೆ ಇಟ್ಟು ಬೇರೆ ಕಣ್ಣಿನಿಂದ ನೋಡುತ್ತೇವೆ.

ಬಯಲುಸೀಮೆ ಡಾಕ್ಟ್ರು

ಸೋಮವಾರವೇ ಕಳಿಸುತ್ತೇನೆ. ಇಬ್ಬರಿದ್ದಾರೆ ಅಂಥವರು. ಆ ಸಾಲು ನಾನೇ ಕೈಯಾರೆ ಬರೆಯುತ್ತೇನೆ.